ನರಿ-ತೋಳಗಳ ಬೇಟೆ: ಉರುಳಿನಿಂದ ಡ್ರೋನ್‌ವರೆಗೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಾತಿನಲ್ಲಿ ಆಗಾಗ 'ಕಯೋಟಿ' ಎಂಬ ಪ್ರಾಣಿಯ ಹೆಸರು ಕೇಳಿಬರುವುದುಂಟು. ಮನೆಯ ಹಿತ್ತಿಲಿಗೆ ಬಂದು ಬೆಕ್ಕು, ಕೋಳಿಗಳನ್ನು ಹೊತ್ತೊಯ್ಯುವ, ಇರುಳಿನಲ್ಲಿ ಗುಂಪಾಗಿ ಊಳಿಡುವ ಈ ಪ್ರಾಣಿ ನಮ್ಮ ನರಿಗೂ ತೋಳಕ್ಕೂ ಹತ್ತಿರದ ಬಂಧು. ಮೂರೂ ಒಂದೇ ಶ್ವಾನಕುಲಕ್ಕೆ ಸೇರಿದವು. ಅಲ್ಲಿ ಕಯೋಟಿಯ ಬೇಟೆ ಇಂದಿಗೂ ಬಹುಪಾಲು ರಾಜ್ಯಗಳಲ್ಲಿ ಕಾನೂನುಬದ್ಧ ಹವ್ಯಾಸ. ಇಲ್ಲಿ ನರಿಯ ಬೇಟೆ ಜೈಲುಶಿಕ್ಷೆಗೆ ಗುರಿಮಾಡುವ ಅಪರಾಧ. ಆದರೆ ನಮ್ಮ ನಾಡಿನಲ್ಲಿಯೂ ಶತಮಾನಗಳ ಕಾಲ ಈ ಬೇಟೆ ನಡೆದುಬಂದಿದೆ. ಅದಕ್ಕೆ ತನ್ನದೇ ಆದ ವಿದ್ಯೆ, ಸಲಕರಣೆ, ಪರಂಪರೆಗಳಿದ್ದವು. ಆ ವಿದ್ಯೆಯ ಸ್ವರೂಪವೇನು, ಅದು ಏಕೆ ನಿಂತಿತು, ನಿಂತ ಮೇಲೂ ಪ್ರಾಣಿಗಳು ಏಕೆ ಕಡಿಮೆಯಾಗುತ್ತಿವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರಿನ ಗೊಂದಲ

ಕನ್ನಡದಲ್ಲಿ 'ನರಿ' ಎಂಬ ಒಂದೇ ಪದವನ್ನು ಎರಡು ಪ್ರಾಣಿಗಳಿಗೆ ಬಳಸುತ್ತೇವೆ. ಊರಂಚಿನಲ್ಲಿ ಊಳಿಡುವ, ಎಂಟು-ಹತ್ತು ಕಿಲೋ ತೂಗುವ ಪ್ರಾಣಿ ಗುಳ್ಳೆನರಿ. ಹಿಂದಿಯವರ 'ಸಿಯಾರ್' ಅಥವಾ 'ಗೀದಡ್' ಇದೇ. ಬಯಲುಸೀಮೆಯ ಬಿಲಗಳಲ್ಲಿ ವಾಸಿಸುವ, ಕಪ್ಪು ತುದಿಯ ಬಾಲವುಳ್ಳ ಚಿಕ್ಕ ಪ್ರಾಣಿ ಕೆಂಪನರಿ. ಹಿಂದಿಯಲ್ಲಿ ಇದು 'ಲೋಮಡಿ'. ದೆಹಲಿಯ ರಿಡ್ಜ್ ಅರಣ್ಯ, ಅಸೋಲಾ-ಭಾಟಿ ಅಭಯಾರಣ್ಯ, ಯಮುನೆಯ ತಟದ ಜೀವವೈವಿಧ್ಯ ಉದ್ಯಾನ, ಕನ್ನಡ ಪೀಠವಿರುವ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಆವರಣ ಇವುಗಳಲ್ಲಿ ಇರುವುದು ಗುಳ್ಳೆನರಿಯೇ. ಕಯೋಟಿಗೆ ನಮ್ಮಲ್ಲಿ ಸಮಾನವಾದ ಪ್ರಾಣಿಯೆಂದರೆ ಇದನ್ನೇ ಹೇಳಬೇಕು.

ಉರುಳು ಮತ್ತು ಕೂಗು

ಬೇಟೆಯ ಸಲಕರಣೆಗಳಲ್ಲಿ ಅತ್ಯಂತ ಹಳೆಯದೂ ಸರಳವಾದುದೂ ಉರುಳು. ಪ್ರಾಣಿಗಳಿಗೆ ನಿತ್ಯದ ಹಾದಿಯೊಂದಿರುತ್ತದೆ. ಬೇಲಿಯ ಕಂಡಿ, ಹಳ್ಳದ ಏರು, ಪೊದೆಗಳ ನಡುವಣ ಸಂದು ಇಂತಹ ಕಡೆ ತಲೆಯ ಎತ್ತರಕ್ಕೆ ಜಾರುಗಂಟಿನ ಕುಣಿಕೆಯನ್ನು ತೂಗುಬಿಟ್ಟು, ಅದರ ಬುಡವನ್ನು ಗೂಟಕ್ಕೆ ಬಿಗಿಯುತ್ತಾರೆ. ಪ್ರಾಣಿ ಮುಂದಕ್ಕೆ ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತದೆ. ಉರುಳು ಹಾಕುವವನ ಜಾಣ್ಮೆಯೆಲ್ಲ ಹೆಜ್ಜೆಗುರುತು, ಹಿಕ್ಕೆ, ಉದುರಿದ ಕೂದಲುಗಳನ್ನು ಓದುವುದರಲ್ಲಿದೆ.

ಉತ್ತರ ಕರ್ನಾಟಕದ ಹರಣಶಿಕಾರಿಗಳು, ಮಹಾರಾಷ್ಟ್ರದ ಫಾಸೆಪಾರಧಿಗಳು, ತಮಿಳುನಾಡಿನ ನರಿಕುರವರು ಈ ವಿದ್ಯೆಯಲ್ಲಿ ಪಳಗಿದವರಾಗಿದ್ದರು. 'ಫಾಸ' ಎಂದರೆ ಉರುಳು. ಸಲಕರಣೆಯೇ ಸಮುದಾಯದ ಹೆಸರಾಗಿದೆ. ನರಿಕುರವರ ಹೆಸರಿನಲ್ಲಿಯೇ ನರಿಯಿದೆ. ಪ್ರಾಣಿ-ಪಕ್ಷಿಗಳ ಕೂಗನ್ನು ಅನುಕರಿಸಿ ಹತ್ತಿರಕ್ಕೆ ಬರಮಾಡಿಕೊಳ್ಳುವುದು ಇವರ ಇನ್ನೊಂದು ಕೌಶಲ. ಒಂದು ನರಿ ಕೂಗಿದರೆ ಸುತ್ತಲಿನವು ಉತ್ತರಿಸದೆ ಇರಲಾರವು. ಆ ಉತ್ತರವೇ ಅವುಗಳ ಇರವನ್ನು ತಿಳಿಸಿಬಿಡುತ್ತದೆ.

ಇಂದು ಹಗ್ಗ, ನರದ ಉರುಳಿನ ಸ್ಥಾನವನ್ನು ಬೈಕಿನ ಕ್ಲಚ್ ತಂತಿ ಆಕ್ರಮಿಸಿದೆ. ಕಾಡುಹಂದಿಗೆಂದು ಹೊಲದಂಚಿನಲ್ಲಿ ಒಡ್ಡುವ ಇಂತಹ ತಂತಿಯಲ್ಲಿ ಸಿಕ್ಕಿ ಕರ್ನಾಟಕದಲ್ಲಿ ಚಿರತೆಗಳು ಸತ್ತಿರುವ ಪ್ರಕರಣಗಳು ಅನೇಕ. ಉರುಳಿಗೆ ಆಯ್ಕೆಯೆಂಬುದಿಲ್ಲ, ಸಿಕ್ಕಿದ್ದನ್ನು ಹಿಡಿಯುತ್ತದೆ.

ಬೇಟೆನಾಯಿ

ಎರಡನೆಯ ಸಾಧನ ನಾಯಿ. ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ದೊರೆತ ಗೌರವಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಯುದ್ಧದ ಪ್ರಸ್ತಾಪಕ್ಕಾಗಿ ಇತಿಹಾಸದಲ್ಲಿ ಪ್ರಸಿದ್ಧ. ಅದರಲ್ಲಿಯೇ, ಶೌರ್ಯಕ್ಕೆ ಮೆಚ್ಚಿದ ಒಡೆಯನಿಂದ ಮಣಲೆರನೆಂಬ ವೀರನು ಕೇಳಿ ಪಡೆದ 'ಕಾಳಿ' ಎಂಬ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದು, ಅದನ್ನು ಕೊಂದು ತಾನೂ ಮಡಿದ ಕಥೆಯಿದೆ. ಆ ನಾಯಿಯ ಸ್ಮರಣೆಗಾಗಿ ನೆಟ್ಟ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಬೇಟೆಗೂ ನಾಯಿಗಳಿಗೂ ಪ್ರತ್ಯೇಕ ಅಧ್ಯಾಯಗಳೇ ಇವೆ.

ಬೇಟೆನಾಯಿಗಳಲ್ಲಿ ಎರಡು ಬಗೆ. ಕಣ್ಣಿನಿಂದ ಬೇಟೆಯಾಡುವವು ಒಂದು, ಮೂಗಿನಿಂದ ಬೇಟೆಯಾಡುವವು ಇನ್ನೊಂದು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಮೊದಲ ಬಗೆಗೆ ಸೇರಿದ್ದು. ಉದ್ದನೆಯ ಕಾಲು, ಆಳವಾದ ಎದೆ, ಸಣ್ಣ ನಡು, ಕಿರಿದಾದ ಮುಖ ಇವೆಲ್ಲ ದಖ್ಖನಿನ ಬಯಲಿನಲ್ಲಿ ದೂರದಿಂದಲೇ ಮೊಲವನ್ನೋ ನರಿಯನ್ನೋ ಕಂಡು ಓಡಿ ಹಿಡಿಯಲು ತಕ್ಕ ಮೈಕಟ್ಟು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. ನಮ್ಮ ರಾಜಧಾನಿ ವಲಯಕ್ಕೇ ಸೇರಿದ ಮೀರತ್‌ನಲ್ಲಿರುವ ಸೇನೆಯ ಪಶುವೈದ್ಯ ದಳದ ಕೇಂದ್ರಕ್ಕೆ 2016ರಲ್ಲಿ ಮುಧೋಳದ ಮರಿಗಳನ್ನು ತರಬೇತಿಗಾಗಿ ಕರೆತರಲಾಯಿತು. ಬೇಟೆ ನಿಂತ ಮೇಲೂ ಬೇಟೆನಾಯಿಗೆ ಗೌರವದ ಕೆಲಸ ದೊರೆತಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಮೂಗಿನಿಂದ ಬೇಟೆಯಾಡುವ ನಾಯಿಗಳನ್ನು ಇಲ್ಲಿಗೆ ತಂದವರು ಆಂಗ್ಲರು. ಇಂಗ್ಲೆಂಡಿನ ನರಿಬೇಟೆಯ ಗೀಳನ್ನು ಅವರು ಬಿಟ್ಟುಬರಲಿಲ್ಲ. ಬಡಗರ ನಾಡಾದ ನೀಲಗಿರಿಯಲ್ಲಿ 'ಊಟಿ ಹಂಟ್' ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಯಿತು. ಇಂಗ್ಲೆಂಡಿನ ಕೆಂಪು ನರಿ ಇಲ್ಲಿಲ್ಲ. ಇಲ್ಲಿನ ಕೆಂಪನರಿ ಚಿಕ್ಕದು, ಬೇಗನೆ ಬಿಲ ಸೇರಿಬಿಡುತ್ತದೆ. ಆದ್ದರಿಂದ ದೂರ ಓಡುವ ಗುಳ್ಳೆನರಿಯೇ ಅವರ ಗುರಿಯಾಯಿತು. ವೆನ್‌ಲಾಕ್ ಡೌನ್ಸ್‌ನ ಹುಲ್ಲುಗಾವಲಿನಲ್ಲಿ ಮುಂಜಾನೆಯೇ ಬೇಟೆ ಆರಂಭವಾಗುತ್ತಿತ್ತು. ಇದಕ್ಕೆ ಕಾರಣವಿದೆ: ಬಿಸಿಲೇರಿ ನೆಲದ ತೇವ ಆರಿದರೆ ವಾಸನೆ ಮಾಸಿ ನಾಯಿಗಳು ಜಾಡು ತಪ್ಪುತ್ತವೆ.

ದೆಹಲಿಯ ಬೇಟೆಮನೆಗಳು

ದೆಹಲಿಯ ರಿಡ್ಜ್ ಕೂಡ ಒಂದು ಕಾಲದ ಬೇಟೆಗಾಡು. 1351ರಿಂದ 1388ರವರೆಗೆ ಆಳಿದ ಫಿರೋಜ್ ಶಾ ತುಘಲಕ್ ಇಲ್ಲಿ ಹಲವು ಬೇಟೆಮನೆಗಳನ್ನು ಕಟ್ಟಿಸಿದನು. ಉತ್ತರ ರಿಡ್ಜ್‌ನ ಪೀರ್ ಗೈಬ್, ಕರೋಲ್ ಬಾಗ್ ಬಳಿಯ ಭೂಲಿ ಭಟಿಯಾರಿ ಮಹಲ್, ಚಾಣಕ್ಯಪುರಿಯ ಹಿಂದಿನ ಕಾಡಿನಲ್ಲಿರುವ ಮಾಲ್ಚಾ ಮಹಲ್ ಅವುಗಳ ಅವಶೇಷಗಳು. ಅವನ 'ಕೂಷ್ಕ್-ಎ-ಶಿಕಾರ್', ಅಂದರೆ ಬೇಟೆಯ ಅರಮನೆಯ ಬಳಿಯಲ್ಲಿಯೇ ಮೀರತ್‌ನಿಂದ ತಂದ ಅಶೋಕಸ್ತಂಭವನ್ನು ನಿಲ್ಲಿಸಲಾಯಿತು. ಪ್ರಾಣಿದಯೆಯನ್ನು ಸಾರಿದ ಚಕ್ರವರ್ತಿಯ ಸ್ತಂಭ ಬೇಟೆಯ ಅರಮನೆಗೆ ಭೂಷಣವಾದದ್ದು ಇತಿಹಾಸದ ಒಂದು ವಿಪರ್ಯಾಸ.

ಅರಸರ ಬೇಟೆ ಹವ್ಯಾಸವಾಗಿತ್ತು. ಆಂಗ್ಲರ ಆಳ್ವಿಕೆಯಲ್ಲಿ ಅದು ಸರ್ಕಾರದ ನೀತಿಯೂ ಆಯಿತು. ಕೊಂದ ಪ್ರಾಣಿಯ ಗುರುತು ತಂದವರಿಗೆ ಇನಾಮು ಕೊಡುವ ಪದ್ಧತಿಯಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ತೋಳಗಳು ಹತವಾದವು. ಇದೇ ಆಳ್ವಿಕೆ 1871ರ ಕಾಯ್ದೆಯ ಮೂಲಕ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ದೊರೆಯ ಬೇಟೆ ಕ್ರೀಡೆ, ಬಡವನ ಬೇಟೆ ಕಳ್ಳತನ ಎಂಬ ಭೇದಕ್ಕೆ ಇದು ಸಾಕ್ಷಿ. 1952ರಲ್ಲಿ ಆ ಕಾಯ್ದೆ ರದ್ದಾದರೂ ಆ ಸಮುದಾಯಗಳ ಮೇಲಿನ ಸಂಶಯದ ದೃಷ್ಟಿ ಪೂರ್ತಿಯಾಗಿ ಅಳಿದಿಲ್ಲ.

ಅಮೆರಿಕದ ಪಾಠ

ಇಂದಿನ ಕಯೋಟಿ ಬೇಟೆಗಾರನ ಸಲಕರಣೆಗಳು ಬೇರೆ, ತತ್ತ್ವ ಹಳೆಯದೇ. ಗಾಯಗೊಂಡ ಮೊಲದ ಚೀರಾಟವನ್ನು ಹೊರಡಿಸುವ ಪೀಪಿ ಅಥವಾ ವಿದ್ಯುತ್ ಧ್ವನಿಯಂತ್ರ, ಗಾಳಿಗೆ ಅಲುಗಾಡುವ ಹುಸಿಬೇಟೆಯ ಗೊಂಬೆ, ಪೊದೆಯ ಬಣ್ಣದ ಉಡುಪು, .223ರಂತಹ ಸಣ್ಣ ಗುಂಡಿನ ವೇಗದ ರೈಫಲ್, ಇರುಳಿನಲ್ಲಿ ಮೈಶಾಖವನ್ನು ಗುರುತಿಸುವ ದುರ್ಬೀನು ಇವು ಮುಖ್ಯವಾದವು. ಎಲ್ಲಕ್ಕಿಂತ ಮುಖ್ಯವಾದುದು ಗಾಳಿಯ ದಿಕ್ಕು. ಕಯೋಟಿ ಸದ್ದಿನತ್ತ ನೇರವಾಗಿ ಬಾರದೆ, ಸುತ್ತುಬಳಸಿ ಗಾಳಿ ಬೀಸುವ ಕಡೆಗೆ ಹೋಗಿ ಮೂಸಿನೋಡುತ್ತದೆ. ಮನುಷ್ಯನ ವಾಸನೆ ಮೂಗಿಗೆ ತಾಗಿದರೆ ಬೇಟೆ ಮುಗಿದಂತೆ.

ಸರ್ಕಾರಿ ಸಂಸ್ಥೆಯೊಂದೇ ಅಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತದೆ. ಆದರೂ ಒಂದು ಕಾಲದಲ್ಲಿ ಪಶ್ಚಿಮದ ಹುಲ್ಲುಗಾವಲುಗಳಿಗೆ ಸೀಮಿತವಾಗಿದ್ದ ಕಯೋಟಿ ಇಂದು ಅಟ್ಲಾಂಟಿಕ್ ತೀರದವರೆಗೆ ಹಬ್ಬಿದೆ. ನೆಲೆಯೊಂದರ ಯಜಮಾನ ಜೋಡಿಯನ್ನು ಕೊಂದರೆ ಹೊರಗಿನವು ಬಂದು ಆ ಜಾಗವನ್ನು ತುಂಬುತ್ತವೆ. ಆಹಾರಕ್ಕೆ ಪೈಪೋಟಿ ಕಡಿಮೆಯಾಗಿ ಹೆಚ್ಚು ಮರಿಗಳು ಉಳಿಯುತ್ತವೆ. ಕೋವಿಯಿಂದ ಸಮಸ್ಯೆ ಬಗೆಹರಿಯುವುದಿಲ್ಲ ಎಂಬುದು ಅಲ್ಲಿನ ಅನುಭವ. ತೋಳಕ್ಕೆ ಈ ಚೇತರಿಕೆಯ ಶಕ್ತಿ ಅಷ್ಟಿಲ್ಲ. ಕೊಂದರೆ ಅದು ಅಳಿಯುತ್ತದೆ.

ಹಿಡಿಯುವುದೂ ಒಂದು ವಿದ್ಯೆ

ಹಾಗಾದರೆ ಮಕ್ಕಳ ಮೇಲೆರಗುವ ತೋಳವನ್ನು ಸುಮ್ಮನೆ ಬಿಡಬೇಕೆ? 2024ರಲ್ಲಿ ಉತ್ತರಪ್ರದೇಶದ ಬಹರಾಯಿಚ್ ಜಿಲ್ಲೆಯ ಮಹಸಿ ಭಾಗದಲ್ಲಿ ಈ ಪ್ರಶ್ನೆ ಜನರ ಬಾಗಿಲಿಗೇ ಬಂದಿತು. ಮನೆಯಂಗಳದಲ್ಲಿ ಮಲಗಿದ್ದ ಮಕ್ಕಳನ್ನು ತೋಳಗಳು ಹೊತ್ತೊಯ್ದವು. ಅರಣ್ಯ ಇಲಾಖೆ ಮೈಶಾಖ ಗುರುತಿಸುವ ಡ್ರೋನ್, ಬಲೆ, ಬೋನುಗಳೊಡನೆ ಕಾರ್ಯಾಚರಣೆ ನಡೆಸಿತು. ಮಕ್ಕಳ ಮೂತ್ರದಲ್ಲಿ ನೆನೆಸಿದ ಬಣ್ಣಬಣ್ಣದ ಗೊಂಬೆಗಳನ್ನು ನದಿತೀರದಲ್ಲಿಯೂ ಗವಿಗಳ ಬಳಿಯಲ್ಲಿಯೂ ಇರಿಸಿ ತೋಳಗಳನ್ನು ಸೆಳೆಯಲು ಯತ್ನಿಸಲಾಯಿತು. ಹುಸಿಬೇಟೆಯ ಹಳೆಯ ಉಪಾಯವೇ ಇಲ್ಲಿ ಜೀವ ಉಳಿಸುವ ಕೆಲಸಕ್ಕೆ ಬಂದಿತ್ತು. ಗುಂಪಿನ ಆರರಲ್ಲಿ ಐದನ್ನು ಜೀವಂತವಾಗಿ ಹಿಡಿಯಲಾಯಿತು. ಆರನೆಯದನ್ನು ಹಳ್ಳಿಗರು ಕೊಂದರು.

ಕಾನೂನು ಏನೆನ್ನುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಗುಂಡು ಹೊಡೆಯುವುದು ಮಾತ್ರ ಬೇಟೆಯಲ್ಲ. ಉರುಳೊಡ್ಡುವುದು, ಬೋನಿಡುವುದು, ವಿಷವಿಡುವುದು, ಇವುಗಳ ಪ್ರಯತ್ನ ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಗುಳ್ಳೆನರಿಯೂ ತೋಳದೊಡನೆ ಮೊದಲನೆಯ ಅನುಸೂಚಿಯಲ್ಲಿದೆ. ಇವುಗಳನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ಮನುಷ್ಯರ ಜೀವಕ್ಕೆ ಅಪಾಯವಾದಾಗ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ ಕೊಲ್ಲಲು ಅನುಮತಿ ನೀಡಬಹುದು; ಅದೂ ಹಿಡಿಯಲು, ಮಂಪರು ಮದ್ದು ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಮನಗಂಡ ಮೇಲೆ.

ಕಾಯ್ದೆಯಿದ್ದರೂ ಬೇಟೆ ಗುಟ್ಟಾಗಿ ಉಳಿದಿರುವುದಕ್ಕೆ ಒಂದು ಕಾರಣ ಮೂಢನಂಬಿಕೆ. ಬೆಳಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎಂಬ ನಮ್ಮ ಮಾತು ನಿರುಪದ್ರವಿ. ಆದರೆ 'ನರಿಕೊಂಬು' ಮನೆಯಲ್ಲಿದ್ದರೆ ಸಂಪತ್ತು ಬರುವುದೆಂಬ ನಂಬಿಕೆ ಹಾಗಲ್ಲ. ಉತ್ತರ ಭಾರತದಲ್ಲಿ ಇದನ್ನೇ 'ಸಿಯಾರ್ ಸಿಂಗಿ' ಎಂದು ಮಾರುತ್ತಾರೆ. ನರಿಗೆ ಕೊಂಬಿರುವುದಿಲ್ಲ. ಚರ್ಮ, ಕೂದಲುಗಳನ್ನು ಸೇರಿಸಿ ಮಾಡಿದ ಉಂಡೆಯನ್ನು ಕೊಳ್ಳುವವರು ಮೋಸಹೋಗುವುದಲ್ಲದೆ ಅಪರಾಧದಲ್ಲಿಯೂ ಪಾಲುದಾರರಾಗುತ್ತಾರೆ.

ನಮ್ಮ ಪಾಲಿನ ಕೆಲಸ

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿ ಧಾಮವೊಂದು ರೂಪುಗೊಂಡಿದೆ. ಮೇಲುಕೋಟೆಯ ಅಭಯಾರಣ್ಯವೂ 1974ರಲ್ಲಿ ತೋಳವನ್ನು ಮನಸ್ಸಿನಲ್ಲಿರಿಸಿಕೊಂಡೇ ಘೋಷಿತವಾದದ್ದು. ಆದರೆ ತೋಳದ ಭಾರ ಬೀಳುವುದು ಕುರಿಗಾಹಿಯ ಮೇಲೆ. ಕಾವಲು ನಾಯಿ, ಇರುಳಿನ ಹಟ್ಟಿಗೆ ಭದ್ರವಾದ ಬಲೆ, ಕಳೆದುಕೊಂಡ ಕುರಿಗೆ ತಡವಿಲ್ಲದ ಪರಿಹಾರ ಇವು ದೊರೆತರೆ ಆತ ವಿಷಕ್ಕೆ ಕೈಹಾಕುವ ಪ್ರಸಂಗ ಬಾರದು. ವಿಷವಿಕ್ಕಿದ ಕಳೇಬರದಿಂದ ಸಾಯುವುದು ತೋಳವೊಂದೇ ಅಲ್ಲ; ಹದ್ದು, ಕತ್ತೆಕಿರುಬ, ಊರನಾಯಿಗಳೂ ಸಾಯುತ್ತವೆ.

ದೆಹಲಿಯಲ್ಲಿ ನರಿಗೆ ಇಂದು ಬೇಟೆಗಾರನಿಗಿಂತ ದೊಡ್ಡ ಶತ್ರುಗಳು ವೇಗದ ವಾಹನ, ಕುಗ್ಗುತ್ತಿರುವ ಕಾಡು, ಬೀದಿನಾಯಿಗಳು ಮತ್ತು ಅವುಗಳಿಂದ ಹರಡುವ ರೋಗ. ರಿಡ್ಜ್‌ನ ಅಂಚಿನಲ್ಲಿ ಆಹಾರದ ಕಸವನ್ನು ಎಸೆದರೆ ನಾಯಿಗಳು ಸೇರುತ್ತವೆ. ನಾಯಿ ಸೇರಿದಲ್ಲಿ ನರಿ ಉಳಿಯುವುದು ಕಷ್ಟ. ವಾಯುವಿಹಾರಕ್ಕೆ ಹೋಗುವ ನಮ್ಮ ಸದಸ್ಯರು ನರಿಯನ್ನು ಕಂಡರೆ ಆಹಾರ ಹಾಕದೆ, ಅಟ್ಟದೆ ದೂರದಿಂದಲೇ ನೋಡಿ ಮುಂದೆ ಸಾಗಬೇಕು. ಗಾಯಗೊಂಡ ಅಥವಾ ಉರುಳಿಗೆ ಸಿಕ್ಕಿದ ಪ್ರಾಣಿಯನ್ನು ತಾವೇ ಮುಟ್ಟಬಾರದು. ರೇಬೀಸ್ ಭಯವಿರುವುದರಿಂದ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ಮಾರ್ಗ.

2025ರ ಮೇ ತಿಂಗಳಿನಲ್ಲಿ ಯಮುನೆಯ ತೀರದ ಪಲ್ಲಾ ಬಳಿ ತೋಳವನ್ನು ಹೋಲುವ ಪ್ರಾಣಿಯೊಂದು ಕಂಡ ಸುದ್ದಿ ಬಂದಾಗ ಪ್ರಾಣಿಪ್ರಿಯರು ಸಂಭ್ರಮಿಸಿದರು. ಅದು ಅಪ್ಪಟ ತೋಳವೋ ನಾಯಿಯೊಡನೆ ಬೆರೆತ ತಳಿಯೋ ಎಂಬ ಚರ್ಚೆಯೂ ನಡೆಯಿತು. ಕೋವಿಗಳು ಮೌನವಾಗಿ ಐದು ದಶಕಗಳು ಕಳೆದಿವೆ. ಊಳಿಡುವ ದನಿಗಳು ಉಳಿಯಬೇಕಾದರೆ ಅವುಗಳಿಗೆ ಓಡಾಡಲು ನೆಲವೂ ಉಳಿಯಬೇಕು.