ಒಂದು ತಂತ್ರಾಂಶ, ಹಲವು ಪೆಟ್ಟಿಗೆ

ಬಿಜೂರಿನ ಆಸುಪಾಸಿನಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಬಯಲಾಟಕ್ಕೆ ಹೊರಟ ಮೇಳದ ಜೊತೆ ಚೆಂಡೆ, ಮದ್ದಳೆಗಳಲ್ಲದೆ ವೇಷಭೂಷಣದ ಪೆಟ್ಟಿಗೆಗಳೂ ಹೊರಡುತ್ತವೆ. ಅದೇ ಪ್ರಸಂಗವನ್ನು ತಾಳಮದ್ದಳೆಯಾಗಿ ನಡೆಸುವಾಗ ವೇಷದ ಪೆಟ್ಟಿಗೆ ಬೇಡ. ಎಲ್ಲವನ್ನೂ ಒಂದರಲ್ಲೇ ತುಂಬಿದ್ದರೆ ಅರ್ಥ ಹೇಳಲು ಹೋದವರೂ ಕಿರೀಟ ಹೊರಬೇಕಾಗುತ್ತಿತ್ತು!

ತಂತ್ರಾಂಶ ಕಟ್ಟುವವರ ಮುಂದೆಯೂ ಇದೇ ಪ್ರಶ್ನೆಯಿದೆ. ಬರೆದ ಪ್ರೋಗ್ರಾಮನ್ನು ಗಣಕಯಂತ್ರ ನಡೆಸಬಲ್ಲ ರೂಪಕ್ಕೆ ತಂದಾಗ ರಾಶಿ ರಾಶಿ ಕಡತಗಳು ಹುಟ್ಟುತ್ತವೆ. ಅವನ್ನು ಹೇಗೆ ವಿಂಗಡಿಸಬೇಕು?

ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ವ್ಯವಸ್ಥೆಯನ್ನು ನೋಡಿ. ಅಲ್ಲಿ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಮೂಲ ಒಂದೇ. ಹೊರಬರುವ ಪ್ಯಾಕೇಜುಗಳು ಹಲವು. ಪತ್ರ ಬರೆಯುವ ರೈಟರ್ ಒಂದು, ಲೆಕ್ಕದ ಕ್ಯಾಲ್ಕ್ ಇನ್ನೊಂದು, ಎರಡಕ್ಕೂ ಬೇಕಾದ ತಿರುಳು ಮತ್ತೊಂದು. ಪರದೆಯ ಮೇಲಿನ ಕನ್ನಡ ಮಾತುಗಳಿಗೆ 'ಲಿಬ್ರೆಆಫೀಸ್-ಎಲ್10ಎನ್-ಕೆಎನ್' ಎಂಬ ಬೇರೆಯೇ ಪ್ಯಾಕೇಜು. (ಆ 10 ಏನು ಗೊತ್ತೇ? 'ಲೋಕಲೈಸೇಶನ್' ಎಂಬ ಇಂಗ್ಲಿಷ್ ಪದದ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ ಇರುವ ಅಕ್ಷರಗಳ ಲೆಕ್ಕ.) ಹೀಗಾಗಿ ಕನ್ನಡ ಬೇಕಾದವರು ಜಗತ್ತಿನ ಎಲ್ಲ ಭಾಷೆಗಳನ್ನೂ ಇಳಿಸಿಕೊಳ್ಳಬೇಕಿಲ್ಲ. ಇನ್ನೊಂದು ಲಾಭವಿದೆ. ರೈಟರನ್ನು ಪ್ರತಿಯೊಂದು ಬಗೆಯ ಪ್ರೊಸೆಸರಿಗೂ ಬೇರೆ ಬೇರೆಯಾಗಿ ಸಿದ್ಧಪಡಿಸಬೇಕು. ಕನ್ನಡದ ಪ್ಯಾಕೇಜು ಹಾಗಲ್ಲ, ಒಮ್ಮೆ ಮಾಡಿದ್ದು ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ.

ಆದರೆ ಒಡೆಯುವುದು ಸುಲಭ, ಸರಿಯಾಗಿ ಒಡೆಯುವುದು ಕಷ್ಟ. ಪ್ರತಿ ಪ್ಯಾಕೇಜೂ ತನಗೆ ಯಾರ ಆಸರೆ ಬೇಕೆಂದು ಹೇಳಿಕೊಳ್ಳಬೇಕು. ರೈಟರ್ ಬಂದು ತಿರುಳು ಬಾರದಿದ್ದರೆ ಅದು ತೆರೆಯುವುದೇ ಇಲ್ಲ. ತಿರುಳಿನ ಆವೃತ್ತಿ ಬೇರೆಯಾದರೂ ತೊಂದರೆಯೇ. ಆದ್ದರಿಂದ 'ಇದೇ ಆವೃತ್ತಿ ಬೇಕು' ಎಂದು ನಮೂದಿಸುತ್ತಾರೆ. ಒಂದೇ ಕಡತ ತಪ್ಪಿ ಎರಡು ಪ್ಯಾಕೇಜುಗಳಿಗೆ ಸೇರಿದರೆ, ಎರಡನೆಯದನ್ನು ಸ್ಥಾಪಿಸುವಾಗ ವ್ಯವಸ್ಥೆ ತಡೆಯುತ್ತದೆ. ಯಾವುದಕ್ಕೂ ಸೇರದೆ ಉಳಿದ ಕಡತವಂತೂ ಬಳಕೆದಾರರಿಗೆ ತಲುಪುವುದೇ ಇಲ್ಲ. ಹಾಗೆಂದು ಪ್ರತಿ ಕಡತಕ್ಕೂ ಒಂದು ಪ್ಯಾಕೇಜು ಮಾಡಹೊರಟರೆ ಪಟ್ಟಿ ನೋಡಿಯೇ ಸುಸ್ತು. ಯಾರಿಗೆ ಯಾವುದು ಒಟ್ಟಿಗೆ ಬೇಕಾಗುತ್ತದೆ ಎಂಬುದನ್ನು ನೋಡಿ ಒಡೆಯುವುದೇ ಮೇಲೆಂದು ನನಗೆ ತೋರುತ್ತದೆ.

ನಮ್ಮ ಭಾಷೆಗೆ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಬೇರೆ ಪೆಟ್ಟಿಗೆಯಲ್ಲಿಟ್ಟದ್ದನ್ನು ಯಾರಾದರೂ ಕೇಳಿ ತರಿಸಬೇಕು. ಶಾಲೆಯ ಗಣಕಯಂತ್ರಕ್ಕೆ ಲಿಬ್ರೆಆಫೀಸ್ ಹಾಕಿದವರು ಕನ್ನಡದ ಪ್ಯಾಕೇಜನ್ನು ಮರೆತರೆ ಮಕ್ಕಳಿಗೆ ಕಾಣುವುದು ಇಂಗ್ಲಿಷ್ ಪರದೆ. ಅಕ್ಷರಗಳಿಗೂ ಲೋಹಿತ್ ಕನ್ನಡದಂಥ ಫಾಂಟಿನ ಪ್ಯಾಕೇಜು ಪ್ರತ್ಯೇಕ. ನಿಮ್ಮ ಶಾಲೆಯ ಯಂತ್ರದಲ್ಲಿ ಡೆಬಿಯನ್ ಇದ್ದರೆ ಇವೆರಡೂ ಇವೆಯೇ ಎಂದು ಮೇಷ್ಟ್ರ ಜೊತೆ ಕೂತು ಒಮ್ಮೆ ನೋಡಿ.