ಬತ್ತಿ ಹೊಸೆಯುವ ಬೆರಳಿಗೂ ಮಿದುಳಿಗೂ ಇರುವ ನಂಟು

ಒಂದು ಚಿಟಿಕೆ ಅರಳೆಯನ್ನು ಹಿಂಜಿ ಬೆಳಕಿಗೆ ಹಿಡಿದು ನೋಡಿ. ಕೂದಲಿಗಿಂತ ನವಿರಾದ ಎಳೆಗಳು ಕಾಣುತ್ತವೆ. ಒಂದೊಂದು ಎಳೆಯೂ ಹತ್ತಿ ಬೀಜದ ಸಿಪ್ಪೆಯ ಮೇಲೆ ಬೆಳೆದ ಒಂದೇ ಒಂದು ಜೀವಕೋಶ. ಎರಡೂವರೆ, ಮೂರು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುವ ಈ ಕೋಶ, ಕಾಯಿ ಒಡೆದ ಮೇಲೆ ಒಣಗಿ ಚಪ್ಪಟೆಯಾಗಿ ರಿಬ್ಬನ್ನಿನಂತೆ ತನ್ನಷ್ಟಕ್ಕೆ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಎಳೆಗೆ ಎಳೆ ಸಿಕ್ಕಿಕೊಳ್ಳುವುದು. ಅಂಗೈ ನಡುವೆ ಇಟ್ಟು ಹೊಸೆದಾಗ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಘರ್ಷಣೆ ಹೆಚ್ಚುತ್ತದೆ, ಊದಿದರೆ ಹಾರಿಹೋಗುವ ಅರಳೆ ಗಟ್ಟಿ ಬತ್ತಿಯಾಗುತ್ತದೆ. ಎಳೆಗಳ ನಡುವೆ ಉಳಿದ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ. ತೀರಾ ಬಿಗಿಯಾಗಿ ಹೊಸೆದರೆ ಸಂದು ಮುಚ್ಚಿ ಎಣ್ಣೆ ಸರಿಯಾಗಿ ಏರುವುದಿಲ್ಲ; ತೀರಾ ಸಡಿಲ ಬಿಟ್ಟರೆ ಬತ್ತಿ ನಿಲ್ಲುವುದಿಲ್ಲ.

ಎಷ್ಟು ಬಿಗಿ ಸರಿ ಎಂಬುದನ್ನು ನಮ್ಮ ಅಜ್ಜಿಯರ ಬೆರಳು ಅಳತೆಯಿಲ್ಲದೆ ಹೇಳಬಲ್ಲದು. ನಾವು ಮಾತ್ರ ಬತ್ತಿ ಹೊಸೆಯುವುದನ್ನು ಹೊತ್ತು ಕಳೆಯುವ ಕೆಲಸ ಎಂದುಕೊಂಡಿದ್ದೇವೆ. ವಯಸ್ಸಾದವರಿಗೆ ನಡಿಗೆ ಎಷ್ಟು ಮುಖ್ಯವೋ ಕೈಕೆಲಸವೂ ಅಷ್ಟೇ ಮುಖ್ಯ. ಅದಕ್ಕೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇದೆ. ಆದರೆ ಎರಡು ಷರತ್ತು: ಕೆಲಸ ನಿಜವಾಗಿ ಉಪಯೋಗಕ್ಕೆ ಬರುವಂಥದ್ದಾಗಿರಬೇಕು, ಅದರಲ್ಲಿ ಕಲಿಯಲು ಏನಾದರೂ ಹೊಸದಿರಬೇಕು.

ಬೆರಳಿಗೆ ಮಿದುಳಿನಲ್ಲಿರುವ ಜಾಗ

ಕೆನಡಾದ ಮಾಂಟ್ರಿಯಲ್‌ನಲ್ಲಿ ನರಶಸ್ತ್ರಚಿಕಿತ್ಸಕರಾಗಿದ್ದ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮಿದುಳಿನ ಮೇಲ್ಪದರವನ್ನು ಸೌಮ್ಯ ವಿದ್ಯುತ್ತಿನಿಂದ ಮುಟ್ಟಿ, ಯಾವ ಜಾಗ ಮುಟ್ಟಿದರೆ ಮೈಯ ಯಾವ ಭಾಗ ಮಿಡಿಯುತ್ತದೆಂದು ಗುರುತು ಹಾಕಿಕೊಂಡರು. ಎಡ್ವಿನ್ ಬೋಲ್ಡ್ರಿ ಜೊತೆ 1937ರಲ್ಲಿ ಅವರು ಪ್ರಕಟಿಸಿದ ನಕ್ಷೆಯಲ್ಲಿ ಬೆನ್ನು, ತೊಡೆಗಳಿಗೆ ಸಿಕ್ಕಿದ್ದು ತೀರಾ ಕಿರಿದಾದ ಜಾಗ. ಕೈ ಮತ್ತು ಬಾಯಿಗೆ ಮಾತ್ರ ದೊಡ್ಡ ಪಾಲು. ಬೆರಳು ಆಡಿದಾಗ ಮಿದುಳಿನ ದೊಡ್ಡ ಪ್ರದೇಶಕ್ಕೇ ಕೆಲಸ ಸಿಗುತ್ತದೆ ಎಂದಾಯಿತು. ಅದರ ಜೊತೆಗೆ ಕಣ್ಣಿನ ಅಳತೆ, ಮುಂದೇನು ಎಂಬ ಯೋಜನೆ, ಎಣಿಕೆ, ಕೆಟ್ಟರೆ ಬಿಚ್ಚಿ ಮತ್ತೆ ಮಾಡುವ ತೀರ್ಮಾನ ಎಲ್ಲವೂ ಸೇರಿಕೊಳ್ಳುತ್ತವೆ.

ವಯಸ್ಸಾದಂತೆ ಈ ಬೆರಳೂ ಬದಲಾಗುತ್ತದೆ. ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಮೈಸ್ನರ್ ಕಣಗಳು ಕಡಿಮೆಯಾಗುತ್ತವೆ. ಚರ್ಮ ಒಣಗಿ ನುಣುಪಾಗುತ್ತದೆ, ಹಿಡಿದದ್ದು ಜಾರುತ್ತದೆ. ಜಾರದಿರಲಿ ಎಂದು ಹಿರಿಯರು ತಮಗರಿವಿಲ್ಲದೆ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿ ಹಿಡಿಯುತ್ತಾರೆ, ಅದರಿಂದ ಬೇಗ ದಣಿಯುತ್ತಾರೆ. ಬತ್ತಿ ಹೊಸೆಯುವಾಗ ಬೆರಳಿಗೆ ಒಂದಿಷ್ಟು ಹಾಲು ಹಚ್ಚಿಕೊಳ್ಳುವ ರೂಢಿಯಲ್ಲಿ ಹಿಡಿತಕ್ಕೆ ಪರಿಹಾರವಿದೆ: ತುಸು ತೇವವಾದ ಚರ್ಮಕ್ಕೆ ಒಣ ಚರ್ಮಕ್ಕಿಂತ ಹೆಚ್ಚು ಘರ್ಷಣೆ ಇರುತ್ತದೆ.

ಇನ್ನೊಂದು ದುರ್ಬಲ ಜಾಗ ಹೆಬ್ಬೆರಳಿನ ಬುಡದ ಕೀಲು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಏನನ್ನಾದರೂ ಒತ್ತಿ ಹಿಡಿದಾಗ ಆ ಬುಡದ ಮೇಲೆ ಬೀಳುವ ಭಾರ ಹಲವು ಪಟ್ಟು. ವಯಸ್ಸಾದ ಹೆಂಗಸರಲ್ಲಿ ಈ ಕೀಲು ಸವೆದು ನೋಯುವುದು ಹೆಚ್ಚು. ಆದ್ದರಿಂದ ಸಣ್ಣ ಸೂಜಿಗಿಂತ ದೊಡ್ಡ ಕಣ್ಣಿನ ದಪ್ಪ ಸೂಜಿ ಒಳ್ಳೆಯದು. ಕತ್ತರಿಯ ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಬಟ್ಟೆಯಲ್ಲಿ ಸಿಕ್ಕ ಸೂಜಿಯನ್ನು ಎಳೆಯಲು ಸೈಕಲ್ ಟ್ಯೂಬಿನ ಒಂದು ಚೂರು ಕೊಟ್ಟರೆ ಅರ್ಧ ಶ್ರಮ ಉಳಿಯುತ್ತದೆ.

ಕಣ್ಣಿನ ವಿಷಯವೂ ಇದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿ ತಿರುಗುತ್ತದೆ, ಕಣ್ಣಿನೊಳಗೆ ಹೋಗುವ ಬೆಳಕು ತಗ್ಗುತ್ತದೆ. ಕಡು ನೀಲಿ ದಾರವನ್ನು ಕಪ್ಪು ಬಟ್ಟೆಯ ಮೇಲೆ ಗುರುತಿಸುವುದು ಕಷ್ಟ. ಕಿಟಕಿ ಪಕ್ಕದ ಜಾಗ, ಕಡು ಬಟ್ಟೆಗೆ ತಿಳಿ ದಾರ, ತಿಳಿ ಬಟ್ಟೆಗೆ ಕಡು ದಾರ: ಇಷ್ಟು ನೋಡಿಕೊಂಡರೆ "ನನಗಿನ್ನು ಆಗಲ್ಲಮ್ಮ" ಎನ್ನುವವರು ಕೂಡ ಕೆಲಸಕ್ಕೆ ಕೂರುತ್ತಾರೆ.

ದಿನಪತ್ರಿಕೆ ಮತ್ತು ಮೈದಾ ಅಂಟು

ಹಿರಿಯರ ಕೈಗೆ ಕೊಡಬಹುದಾದ ಇನ್ನೊಂದು ಕೆಲಸ ಕಾಗದದ ಚೀಲ. ಹತ್ತಿಯ ಎಳೆ ಸೆಲ್ಯುಲೋಸ್. ದಿನಪತ್ರಿಕೆಯ ಕಾಗದವೂ ಮರದ ನಾರಿನ ಸೆಲ್ಯುಲೋಸ್. ಮೈದಾದಲ್ಲಿರುವುದು ಪಿಷ್ಟ. ಸೆಲ್ಯುಲೋಸ್ ಆಗಲಿ ಪಿಷ್ಟವಾಗಲಿ, ಎರಡೂ ಗ್ಲೂಕೋಸ್ ಅಣುಗಳ ಸರಪಳಿ. ಕೊಂಡಿ ಹಾಕಿಕೊಂಡಿರುವ ಬಗೆ ಮಾತ್ರ ಬೇರೆ. ಆದ್ದರಿಂದಲೇ ಕಾಗದಕ್ಕೆ ಮೈದಾ ಅಂಟು ಅಷ್ಟು ಚೆನ್ನಾಗಿ ಹಿಡಿಯುತ್ತದೆ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕಲಕುತ್ತಿರಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಹಾಲಿನ ಬಣ್ಣ ಹೋಗಿ ಅಂಟು ಮಂದವಾಗುತ್ತದೆ. ಹುಳು ಬಾರದಿರಲಿ ಎಂದು ಅಂಟಿಗೆ ಮೈಲುತುತ್ತ ಸೇರಿಸುವವರಿದ್ದಾರೆ. ಅದು ವಿಷ, ಮನೆಯ ಕೆಲಸಕ್ಕೆ ಬೇಡವೇ ಬೇಡ. ಬೇಕಾದಷ್ಟೇ ಅಂಟು ಕಾಯಿಸಿಕೊಂಡು ಅಂದೇ ಮುಗಿಸಿ.

ಚೀಲ ಮಾಡುವ ಮುನ್ನ ಪತ್ರಿಕೆಯ ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿದು ನೋಡಿ. ಒಂದು ದಿಕ್ಕಿನಲ್ಲಿ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಸಾಲಾಗಿ ಮಲಗುವುದೇ ಇದಕ್ಕೆ ಕಾರಣ. ನಾರಿನ ದಿಕ್ಕಿಗೆ ಸರಿಯಾಗಿ ಮಡಿಸಿದರೆ ಮಡಿಕೆ ಚೊಕ್ಕವಾಗಿ ಕೂರುತ್ತದೆ. ಎರಡು ಹಾಳೆ ಸೇರಿಸಿ, ಬುಡಕ್ಕೆ ಹಳೇ ಕ್ಯಾಲೆಂಡರಿನ ರಟ್ಟು ಕೊಟ್ಟು, ಬಾಯಿಗೆ ದಾರದ ಹಿಡಿ ಪೋಣಿಸಿದರೆ ಒಣ ಸಾಮಾನಿಗೆ ಒಳ್ಳೆಯ ಚೀಲ. ಬಜ್ಜಿ, ಬೋಂಡಾ ಮಾತ್ರ ಇದರಲ್ಲಿ ಕಟ್ಟಬೇಡಿ. ಮುದ್ರಣದ ಶಾಯಿ ತಿಂಡಿಗೆ ಇಳಿಯುತ್ತದೆ.

ಕೌದಿ ಕಲಿಸುವ ಪಾಠ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೂ ಕೂರಿಸುತ್ತಾರೆ. ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪಕ್ಕಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕ ಗಾಳಿಯಿಂದ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪೂರ್ತಿ ಕೌದಿ ಹಿರಿಯರಿಗೆ ಭಾರವೆನಿಸಿದರೆ ಕುರ್ಚಿಯ ಆಸನದಷ್ಟು ಹೊಲಿಯಲಿ, ಇಲ್ಲವೇ ತೊಟ್ಟಿಲ ಮಗುವಿಗೆ ಹೊದಿಕೆ ಮಾಡಲಿ.

ಇಂಥದ್ದೇ ಹೊಲಿಗೆ ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ವಸ್ತುವಾಯಿತು. ಮನೋವಿಜ್ಞಾನಿ ಡೆನೀಸ್ ಪಾರ್ಕ್ ಮತ್ತು ಸಂಗಡಿಗರು 60ರಿಂದ 90 ವಯಸ್ಸಿನ 221 ಜನರನ್ನು ಗುಂಪುಗಳಾಗಿ ಹಂಚಿದರು. ಕೆಲವರು ಪದರ ಹೊದಿಕೆ ಹೊಲಿಯಲು, ಕೆಲವರು ಡಿಜಿಟಲ್ ಕ್ಯಾಮೆರಾ ಬಳಸಲು, ಕೆಲವರು ಎರಡನ್ನೂ ಹೊಸದಾಗಿ ಕಲಿತರು. ಇನ್ನು ಕೆಲವರು ಜೊತೆಗೂಡಿ ಹರಟೆ, ಪ್ರವಾಸಗಳಲ್ಲಿ ತೊಡಗಿದರು, ಅಥವಾ ಮನೆಯಲ್ಲೇ ಸಂಗೀತ ಕೇಳುವಂಥ ಸುಲಭದ ಹವ್ಯಾಸಗಳಲ್ಲಿ ಸಮಯ ಕಳೆದರು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಇದು ನಡೆಯಿತು. 2014ರಲ್ಲಿ ಹೊರಬಂದ ಫಲಿತಾಂಶದಂತೆ, ಹೊಸ ವಿದ್ಯೆಯನ್ನು ಕಷ್ಟಪಟ್ಟು ಕಲಿತವರ ನೆನಪಿನ ಶಕ್ತಿ ಸುಧಾರಿಸಿತ್ತು. ಬರೀ ಜೊತೆಗೂಡಿ ಕಾಲ ಕಳೆದವರಲ್ಲಿ ಆ ಲಾಭ ಕಾಣಲಿಲ್ಲ.

2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 70 ದಾಟಿದ 1,929 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ವರದಿ ಕೊಟ್ಟರು. ಕೈಕಸುಬುಗಳಲ್ಲಿ ತೊಡಗಿದವರಲ್ಲಿ ಬುದ್ಧಿಯ ಸೌಮ್ಯ ಕುಂದು ಕಾಣಿಸಿಕೊಳ್ಳುವ ಸಂಭವ 28 ಪ್ರತಿಶತ ಕಡಿಮೆಯಿತ್ತು. ಇದು ಜೊತೆಜೊತೆಗೆ ಕಂಡ ಸಂಬಂಧವೇ ಹೊರತು ಕಾರಣದ ಸಾಬೀತಲ್ಲ. ಮಿದುಳು ಚುರುಕಾಗಿರುವವರೇ ಕಸುಬಿಗೆ ಕೈ ಹಾಕಿರಬಹುದು. ಪಾರ್ಕ್ ಪ್ರಯೋಗದ ಜೊತೆ ಇಟ್ಟು ಓದಿದಾಗ ಒಂದು ಪಾಠವಂತೂ ಸಿಗುತ್ತದೆ. ಮಿದುಳಿಗೆ ಕಸರತ್ತು ಬೇಕಾದರೆ ಕೈ ಆಡಿದರಷ್ಟೇ ಸಾಲದು, ಕಲಿಕೆಯೂ ನಡೆಯಬೇಕು. ಐವತ್ತು ವರ್ಷ ಹೂಬತ್ತಿ ಮಾಡಿದವರಿಗೆ ಗೆಜ್ಜೆವಸ್ತ್ರದ ಹೊಸ ವಿನ್ಯಾಸ ಕೊಡಿ. ಹೂ ಕಟ್ಟುವುದು ರೂಢಿಯಾದವರಿಗೆ ಕಾಗದದ ಚೀಲ ಕಲಿಸಿ. ನಿವೃತ್ತರಾದ ಅಪ್ಪನಿಗೆ ಸೂಜಿ ಹಿಡಿಯಲು ಹೇಳಿ, ಇಲ್ಲವೇ ಹಿತ್ತಲಿನ ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟಲಿ.

ಮರೆವು ಬಂದವರಿಗೆ

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 7.4 ಪ್ರತಿಶತ, ಅಂದರೆ 88 ಲಕ್ಷದಷ್ಟು ಜನ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆಂದು ಒಂದು ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಅವರಿಗೆ ಹೊಸದಕ್ಕಿಂತ ಹಳೆಯದೇ ಆಸರೆ. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪು ಕೂಡಿಡುವ ಶಕ್ತಿ ಕಳೆದುಕೊಂಡ ಹೆನ್ರಿ ಮೊಲೈಸನ್ ಎಂಬಾತನಿಗೆ ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬರೆಯಲು ಕೊಟ್ಟರು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ತಾನು ಹಿಂದೆ ಬರೆದದ್ದೇ ಆತನಿಗೆ ನೆನಪಿರಲಿಲ್ಲ. ಘಟನೆಗಳ ನೆನಪಿಗೂ ಕೈಚಳಕದ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂದು ಲೋಕಕ್ಕೆ ತಿಳಿದದ್ದು ಹೀಗೆ. ಆದ್ದರಿಂದಲೇ ಮೊಮ್ಮಗಳ ಹೆಸರು ಮರೆತ ಅಜ್ಜಿಯೂ ಬತ್ತಿ ಹೊಸೆಯಬಲ್ಲರು. ಅವರ ಮುಂದೆ ಅರಳೆ ಇಡಿ, ಪಕ್ಕದಲ್ಲಿ ಕೂತು ನೀವೂ ಹೊಸೆಯಿರಿ. ಮಣಿ, ಗುಂಡಿ, ಸೂಜಿ ಮಾತ್ರ ಕೈಗೆ ಸಿಗದಂತಿರಲಿ.

ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಸೂಜಿ ಚುಚ್ಚಿದ್ದೂ ಅಂಟು ಸುಟ್ಟದ್ದೂ ಗೊತ್ತಾಗುವುದಿಲ್ಲ; ಅವರು ಕಾಗದದ ಕೆಲಸವನ್ನೇ ಆರಿಸಿಕೊಳ್ಳಲಿ, ಅಂಟನ್ನು ತಣ್ಣಗಾದ ಮೇಲೆಯೇ ಕೊಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ ನಾಲ್ಕು ಹೆಜ್ಜೆ ನಡೆಯಲಿ. ನೋವು ಬಂದರೆ ಅಂದಿಗೆ ನಿಲ್ಲಿಸಲಿ.

ಹಿರಿಯರು ಮಾಡಿದ್ದನ್ನು ಷೋಕೇಸಿನಲ್ಲಿ ಜೋಡಿಸಿ ಹೊಗಳುವುದಕ್ಕಿಂತ ಬಳಸುವುದು ದೊಡ್ಡ ಗೌರವ. ಅವರು ಮಾಡಿದ ಚೀಲ ಅಂಗಡಿಗೆ ಹೋಗಲಿ, ಅವರು ಹೊಲಿದ ಆಸನದ ಮೇಲೆ ಮನೆಮಂದಿ ಕೂರಲಿ. ಚೀಲ ಹರಿದರೆ ಇನ್ನೊಂದು ಬೇಕು ಎಂದು ಕೇಳಿ, ಈ ಸಲ ಬುಡ ಗಟ್ಟಿಯಿರಲಿ ಎಂದೂ ಹೇಳಿ. ಆಗ ಅವರು ಬುಡವನ್ನು ಹೇಗೆ ಬಲಪಡಿಸುವುದೆಂದು ಯೋಚಿಸತೊಡಗುತ್ತಾರೆ. ವಯಸ್ಸಾದ ಮಿದುಳಿಗೆ ಬೇಕಾದದ್ದು ಆ ಯೋಚನೆ. ಅದನ್ನು ಕೊಡುವುದಕ್ಕೆ ನಮಗೆ ಖರ್ಚೇನೂ ಇಲ್ಲ.