ಗಿರಣಿಗಳು ನಿಂತವು, ಒಲೆಗಳು ಆರಲಿಲ್ಲ

ಕಳವಾರದ ಕಡೆಯವರಾದ ನಮಗೆ ಊಟವೆಂದರೆ ರಾಗಿಮುದ್ದೆ ಮತ್ತು ಸೊಪ್ಪಿನ ಸಾರು. ಜೋಳದ ರೊಟ್ಟಿ ತಟ್ಟುವ ಕೈಗಳನ್ನು ನಾವು ಕಂಡದ್ದೇ ಕಡಿಮೆ. ಮಗಳನ್ನು ದಾವಣಗೆರೆಗೆ ಕೊಟ್ಟ ಮೇಲೆ ಆ ಊರಿನ ಅನ್ನದ ಋಣ ನಮ್ಮ ಮನೆಗೂ ಬಂದಿತು. ಕಳೆದ ಕಾರ್ತಿಕದಲ್ಲಿ ಬೀಗರ ಮನೆಯಲ್ಲಿ ಎರಡು ದಿನ ತಂಗುವ ಸಂದರ್ಭ ಒದಗಿದಾಗ, ಹೆಸರಾಂತ ಹೋಟೆಲುಗಳಲ್ಲಿ ಸತ್ಕಾರ ನಡೆದೀತೆಂದು ನಾನು ಎಣಿಸಿದ್ದೆ. ಆದರೆ ಬೀಗರು ನಕ್ಕು, "ಬೀಗ್ರೇ, ಈ ಊರು ಗೊತ್ತಾಗಬೇಕಂದ್ರೆ ದೊಡ್ಡ ಹೋಟ್ಲಿಗೆ ಹೋಗಬಾರದು. ನಾವು ಪಾಳಿ ಮುಗಿಸಿ ಎಲ್ಲಿ ತಿಂತಿದ್ವೋ ಅಲ್ಲಿ ತಿನ್ನಬೇಕು ನೋಡ್ರಿ" ಎಂದರು. ಅವರು ಇಪ್ಪತ್ತೆರಡು ವರ್ಷ ಹತ್ತಿಯ ಗಿರಣಿಯೊಂದರ ನೂಲುವ ವಿಭಾಗದಲ್ಲಿ ದುಡಿದವರು. ಆ ಗಿರಣಿ ಇಂದು ಇಲ್ಲ. ಅವರು ಉಣ್ಣುತ್ತಿದ್ದ ಅಂಗಡಿಗಳು ಇವೆ. ಆ ಎರಡು ದಿನಗಳಲ್ಲಿ ನಾನು ಉಂಡದ್ದನ್ನೂ ಕಂಡದ್ದನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನೂಲಿನ ನಗರ

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿರುವ ದಾವಣಗೆರೆಗೆ ಒಂದು ಕಾಲದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದಿತ್ತು. ಸುತ್ತಲಿನ ಕಪ್ಪುಮಣ್ಣಿನ ಹೊಲಗಳ ಹತ್ತಿ ಇಲ್ಲಿನ ಮಂಡಿಗೆ ಬಂದು, ಇಲ್ಲಿಯೇ ನೂಲಾಗಿ, ಬಟ್ಟೆಯಾಗಿ ಹೊರಡುತ್ತಿತ್ತು. ದಾವಣಗೆರೆ ಕಾಟನ್ ಮಿಲ್, ಗಣೇಶ, ಚಂದ್ರೋದಯ, ಆಂಜನೇಯ, ಶಂಕರ, ತೋಳಹುಣಸೆಯ ಯಲ್ಲಮ್ಮ ಮಿಲ್ ಎಂದು ಬೀಗರು ಬೆರಳು ಮಡಿಸುತ್ತಾ ಹೇಳುವಾಗ ಅವರ ಧ್ವನಿಯಲ್ಲಿ ತೀರಿಹೋದ ಹಿರಿಯರನ್ನು ನೆನೆಯುವ ಗಾಂಭೀರ್ಯವಿತ್ತು. ಹಗಲಿರುಳೆನ್ನದೆ ಮೂರು ಪಾಳಿಗಳಲ್ಲಿ ಕದಿರುಗಳು ತಿರುಗುತ್ತಿದ್ದವು. ಸೈರನ್ನಿನ ಕೂಗಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಕಾರ್ಮಿಕ ಸಂಘಟನೆಯೂ ಅಷ್ಟೇ ಪ್ರಬಲವಾಗಿದ್ದು, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು ವಿಧಾನಸಭೆಗೆ ಆರಿಸಿ ಕಳುಹಿಸಿತ್ತು.

ಈ ವೈಭವ ಒಂದೇ ದಿನದಲ್ಲಿ ಅಳಿಯಲಿಲ್ಲ. ಭದ್ರಾ ನಾಲೆಯ ನೀರು ಹರಿದ ಹೊಲಗಳು ಭತ್ತಕ್ಕೂ ಅಡಕೆಗೂ ತಿರುಗಿದವು. ಮಳೆಯಾಶ್ರಿತ ಹೊಲಗಳನ್ನು ಮುಂದೆ ಮೆಕ್ಕೆಜೋಳ ಆಕ್ರಮಿಸಿತು. ಯಂತ್ರಗಳು ಹಳತಾದವು. ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆಯ ಮುಂದೆ, ಕೃತಕ ನೂಲಿನ ಮುಂದೆ ಹಳೆಯ ಗಿರಣಿಗಳು ಸೋತವು. ದೇಶದ ಇತರ ಹತ್ತಿ ನಗರಗಳ ಕಥೆಯೂ ಇದೇ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳಿಗೂ ಹಿಂದಿನ ಕಳೆ ಮರಳಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಗುವ ವೇಳೆಗೆ ಅದರ ನೂಲಿನ ಕೀರ್ತಿ ಬಹುಮಟ್ಟಿಗೆ ಸ್ಮರಣೆಯಾಗಿತ್ತು. ಈಗ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಿನಲ್ಲಿ ಒಂದು ಗಿರಣಿ ಉಳಿದಿದೆ. ತೋಳಹುಣಸೆಯ ಹೆಸರು ಕೇಳಿದರೆ ಇಂದಿನ ಮಕ್ಕಳಿಗೆ ನೆನಪಾಗುವುದು 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ.

ಬೆಣ್ಣೆಯ ಪರಿಮಳ

ಮೊದಲ ದಿನ ಬೆಳಿಗ್ಗೆ ಬೀಗರು ನನ್ನನ್ನು ಕರೆದೊಯ್ದದ್ದು ಹಳೆಯ ಪೇಟೆಯ ಒಂದು ಚಿಕ್ಕ ದೋಸೆ ಅಂಗಡಿಗೆ. ನಾಲ್ಕು ಮೇಜು, ಹೊಗೆ ಹಿಡಿದ ಗೋಡೆ, ಸೌದೆಯ ಒಲೆಯ ಮೇಲೆ ದಪ್ಪನೆಯ ಕಬ್ಬಿಣದ ಹಂಚು. ಹಿಟ್ಟಿನ ಮೇಲೆ ಬಿದ್ದ ಬೆಣ್ಣೆ ಕರಗಿ ಅಂಚಿಗೆ ಹರಿಯುವ ಸದ್ದೇ ಹಸಿವನ್ನು ಕೆರಳಿಸುತ್ತದೆ. ದೋಸೆಯ ಮೇಲ್ಮೈ ಗರಿಗರಿ, ಒಳಭಾಗ ಮೆತ್ತಗೆ. ಜೊತೆಗೆ ಆಲೂಗಡ್ಡೆಯ ಬಿಳಿ ಪಲ್ಯ, ತೆಳ್ಳನೆಯ ತೆಂಗಿನಕಾಯಿ ಚಟ್ನಿ. ಬೆಣ್ಣೆಗೆ ಹಣ ಸಾಲದವರಿಗೆ 'ಖಾಲಿ ದೋಸೆ' ಇದೆ. ಅದಕ್ಕೂ ಅದೇ ಪಲ್ಯ, ಅದೇ ಚಟ್ನಿ. ಬಟವಾಡೆಯ ದಿನ ಬೆಣ್ಣೆ, ಉಳಿದ ದಿನ ಖಾಲಿ ಎಂಬುದು ಗಿರಣಿಯವರ ಲೆಕ್ಕವಾಗಿತ್ತಂತೆ.

ಈ ದೋಸೆಯ ಹುಟ್ಟಿನ ವೃತ್ತಾಂತ ಊರಿನಲ್ಲಿ ಪ್ರಚಲಿತವಾಗಿದೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ತಾಯಿ, ವಸಂತ ಚಿತ್ರಮಂದಿರದ ಬಳಿ, ನಾಟಕ ನೋಡಲು ಬರುತ್ತಿದ್ದ ಜನರಿಗಾಗಿ ದೋಸೆ ಹಾಕತೊಡಗಿದರಂತೆ. ಮೊದಲು ಅದು ರಾಗಿ ಹಿಟ್ಟಿನ ದೋಸೆ. ಅನಂತರ ಅಕ್ಕಿ, ಉದ್ದು, ಮಂಡಕ್ಕಿಗಳನ್ನು ನೆನೆಸಿ ರುಬ್ಬುವ ಕ್ರಮ ಬಂದಿತು. ಅವರ ಮಕ್ಕಳು ಅದೇ ಕಸುಬನ್ನು ಮುಂದುವರಿಸಿ ಹೋಟೆಲುಗಳನ್ನು ತೆರೆದರು. ಇಂದು ರಾಜ್ಯದ ಯಾವ ಊರಿಗೆ ಹೋದರೂ 'ದಾವಣಗೆರೆ ಬೆಣ್ಣೆ ದೋಸೆ' ಎಂಬ ಫಲಕ ಕಾಣುತ್ತದೆ. ಮಕ್ಕಳ ಹೊಟ್ಟೆ ಹೊರೆಯಲು ಒಲೆ ಹೂಡಿದ ಒಬ್ಬ ಹೆಣ್ಣುಮಗಳ ದುಡಿಮೆ, ಗಿರಣಿಗಳ ಕೀರ್ತಿ ಮಾಸಿದ ಮೇಲೂ ಊರಿನ ಹೆಸರನ್ನು ಹೊತ್ತು ನಡೆಯುತ್ತಿದೆ. ಆ ಮೊದಲ ದೋಸೆ ರಾಗಿಯದೆಂದು ಕೇಳಿದಾಗ ಮುದ್ದೆಯ ನಾಡಿನವನಾದ ನನಗೆ ಆದ ಹಿಗ್ಗನ್ನು ಬೀಗರು ಗಮನಿಸಿ ನಕ್ಕರು.

ಮಂಡಕ್ಕಿಯ ಭಟ್ಟಿ

ಸಂಜೆಯ ಹೊತ್ತಿಗೆ ದಾವಣಗೆರೆಯ ಬೀದಿಗಳಲ್ಲಿ ಮಂಡಕ್ಕಿ ಮತ್ತು ಮೆಣಸಿನಕಾಯಿಯ ರಾಜ್ಯಭಾರ. ಇಲ್ಲಿ 'ಮೆಣಸಿನಕಾಯಿ' ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿಯೇ. ಈರುಳ್ಳಿ, ಖಾರದ ಪುಡಿ, ಪುಟಾಣಿ ಹಿಟ್ಟು, ಕೊತ್ತಂಬರಿ ಬೆರೆಸಿದ ಮಂಡಕ್ಕಿಯ ಮೇಲೆ ನಿಂಬೆಹಣ್ಣು ಹಿಂಡಿ ಕೊಟ್ಟರೆ ಮುಗಿಯಿತು. ಬೆಳಗಿನಲ್ಲಿ ಅದೇ ಮಂಡಕ್ಕಿಯನ್ನು ನೀರಿನಲ್ಲಿ ತೊಯಿಸಿ ಹಿಂಡಿ ಒಗ್ಗರಣೆ ಹಾಕುತ್ತಾರೆ. ನೂರು ರೂಪಾಯಿಯ ಒಂದು ನೋಟಿನೊಳಗೆ ನಾವಿಬ್ಬರೂ ತಿಂದು, ಚಹಾ ಕುಡಿದು, ಚಿಲ್ಲರೆ ಪಡೆದು ಎದ್ದೆವು. ಪಾಳಿ ಮುಗಿಸಿ ಬಂದವನಿಗೆ ಕಡಿಮೆ ಹಣದಲ್ಲಿ ಹೊಟ್ಟೆ ತುಂಬಬೇಕು, ನಾಲಗೆಗೆ ಚುರುಕು ಮುಟ್ಟಬೇಕು, ಕಾಯುವಂತಿರಬಾರದು. ಮಂಡಕ್ಕಿ ಈ ಮೂರನ್ನೂ ಪೂರೈಸುತ್ತದೆ.

ಇಷ್ಟು ಅಗ್ಗವಾಗಿ ಹೇಗೆ ಸಾಧ್ಯವೆಂದು ಕೇಳಿದ್ದಕ್ಕೆ ಬೀಗರು ಮರುದಿನ ಆಜಾದ್ ನಗರದ ಕಡೆ ಭಟ್ಟಿಯೊಂದಕ್ಕೆ ಕರೆದೊಯ್ದರು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಅರಳುತ್ತದೆ. ನೋಡಲು ಚೆಂದ. ಆದರೆ ಆ ಒಲೆಯ ಮುಂದೆ ಐದು ನಿಮಿಷ ನಿಲ್ಲುವುದು ನನ್ನಿಂದಾಗಲಿಲ್ಲ. ಅಲ್ಲಿ ಇಡೀ ಕುಟುಂಬಗಳು ತಲೆಮಾರುಗಳಿಂದ ದುಡಿಯುತ್ತಿವೆ. ಹಳೆಯ ಟೈರುಗಳನ್ನು ಉರುವಲಾಗಿ ಸುಡುತ್ತಿದ್ದುದರಿಂದ ಕಪ್ಪು ಹೊಗೆಯ ದೂರು ಬಹುಕಾಲದ್ದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಗೆ ದಾವಣಗೆರೆ ಆಯ್ಕೆಯಾದಾಗ ಈ ಭಟ್ಟಿಗಳ ಸುಧಾರಣೆಯೂ ಆ ಪ್ರಸ್ತಾವದಲ್ಲಿ ಸೇರಿತ್ತು. ಗಿರಣಿಯಲ್ಲಿ ಹತ್ತಿಯ ಧೂಳು ಉಸಿರಾಡಿದ ಬೀಗರು, "ನಮಗೆ ಅರಳೆ, ಇವರಿಗೆ ಹೊಗೆ. ಪುಪ್ಪಸ ಒಂದೇ ನೋಡ್ರಿ" ಎಂದು ಸಣ್ಣಗೆ ಕೆಮ್ಮಿದರು.

ಖಾನಾವಳಿಯ ಉದ್ದರಿ ಪುಸ್ತಕ

ಮಧ್ಯಾಹ್ನದ ಊಟ ಖಾನಾವಳಿಯಲ್ಲಿ. ನಮ್ಮ ಸಮಾಜದ ಅನೇಕ ಮನೆತನಗಳು ನಡೆಸಿಕೊಂಡು ಬಂದಿರುವ ಈ ಊಟದ ಮನೆಗಳು ಉತ್ತರದ ಜಿಲ್ಲೆಗಳಿಂದ ಇಲ್ಲಿಯವರೆಗೂ ಹರಡಿವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಕೊನೆಗೆ ಅನ್ನ, ಸಾರು, ಮಜ್ಜಿಗೆ. ಹಳ್ಳಿಯಿಂದ ಒಂಟಿಯಾಗಿ ಬಂದು ಗಿರಣಿ ಸೇರಿದ ತರುಣನಿಗೆ ಖಾನಾವಳಿಯೇ ಎರಡನೆಯ ಮನೆಯಾಗಿತ್ತು. ತಿಂಗಳಿಡೀ ಉಂಡು, ಬಟವಾಡೆಯ ದಿನ ಲೆಕ್ಕ ಚುಕ್ತಾ ಮಾಡುವುದು ರೂಢಿ. ಗಲ್ಲೆಯ ಪಕ್ಕದಲ್ಲಿ ಉದ್ದರಿ ಪುಸ್ತಕ ಇರುತ್ತಿತ್ತು.

ಊಟದ ನಡುವೆ ಬೀಗರು ತಾವಾಗಿಯೇ ಹಳೆಯ ಕಥೆ ತೆಗೆದರು. ಗಿರಣಿ ನಿಂತಾಗ, ಇನ್ನು ಹದಿನೈದು ದಿನಕ್ಕೆ ತೆರೆಯುತ್ತದೆ, ಹಬ್ಬಕ್ಕೆ ತೆರೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಮದುವೆಯಾಗಿ ಮನೆ ಹೂಡಿದ್ದರೂ, ದಿನಸಿಗೆ ಹಣವಿಲ್ಲದ ದಿನ ಅವರು ಹಳೆಯ ಖಾನಾವಳಿಯಿಂದ ಬುತ್ತಿ ಕಟ್ಟಿಸಿ ಒಯ್ಯುತ್ತಿದ್ದರು. ಮಾಲೀಕರು ಹಣ ಕೇಳಲಿಲ್ಲ. "ಬಟವಾಡೆ ಆದಾಗ ಕೊಡ್ರಿ" ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳುಗಳು ಉರುಳಿದವು. ಪುಸ್ತಕದ ಪುಟ ತುಂಬಿತು. ಬಟವಾಡೆ ಮಾತ್ರ ಮತ್ತೆ ಆಗಲಿಲ್ಲ. ಬರಬೇಕಾದ ಬಾಕಿಯೂ ಪೂರ್ತಿ ಕೈಗೆ ಬರಲಿಲ್ಲ.

ಒಂದು ಮುಂಜಾನೆ ಬೀಗಿತ್ತಿ ಯಾರಿಗೂ ಹೇಳದೆ ಆ ಖಾನಾವಳಿಯ ಹಿತ್ತಲ ಬಾಗಿಲಿಗೆ ಹೋಗಿ, "ನಮ್ಮ ಉದ್ದರಿ ರೊಟ್ಟಿಯಾಗೆ ತೀರಿಸ್ತೀನಿ" ಎಂದರಂತೆ. ಮಾಲೀಕರು ಒಪ್ಪಿದರು. ನಸುಕಿನಲ್ಲೆದ್ದು, ಮಕ್ಕಳು ಶಾಲೆಗೆ ಹೊರಡುವುದರೊಳಗೆ ಜೋಳದ ಹಿಟ್ಟು ನಾದಿ, ತಟ್ಟಿ, ಬೇಯಿಸಿ, ಬುಟ್ಟಿ ತುಂಬಿಸಿ ಕಳುಹಿಸುತ್ತಿದ್ದರು. ಸಾಲ ಕೆಲವು ತಿಂಗಳಲ್ಲಿ ತೀರಿತು. ರೊಟ್ಟಿ ಮಾತ್ರ ಹದಿನೆಂಟು ವರ್ಷ ನಡೆಯಿತು. ನನ್ನ ಅಳಿಯ ಓದಿ ನೌಕರಿ ಹಿಡಿದದ್ದು ಆ ರೊಟ್ಟಿಯ ದುಡ್ಡಿನಲ್ಲಿ. ಮದುವೆಯ ಮಾತುಕತೆಯಲ್ಲಿ, "ಹುಡುಗನ ತಂದೆ ಗಿರಣಿಯಲ್ಲಿದ್ದವರು" ಎಂದಷ್ಟೇ ನಮಗೆ ತಿಳಿಸಿದ್ದರು. ತಾಯಿಯ ದುಡಿಮೆಯ ಮಾತು ಯಾರೂ ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

ಅಗ್ಗದ ಬೆಲೆ ಯಾರು ತೆರುತ್ತಾರೆ?

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಉತ್ಸಾಹದಿಂದ, "ನಿಮ್ಮ ಊರಿನಲ್ಲಿ ಊಟ ಎಷ್ಟು ಅಗ್ಗ! ನಮ್ಮ ಕಡೆ ಇಷ್ಟಕ್ಕೆ ಇಡ್ಲಿಯೂ ಬಾರದು" ಎಂದೆ. ರೊಟ್ಟಿ ಬಡಿಸುತ್ತಿದ್ದ ಬೀಗಿತ್ತಿ ಒಂದು ಕ್ಷಣ ನಿಂತು, "ರುಚಿ ಐತಿ ಅನ್ರಿ ಅಣ್ಣಾರೇ, ಅಗ್ಗ ಐತಿ ಅಂತ ಹೊಗಳಬ್ಯಾಡ್ರಿ. ಯಾರೋ ಕೈ ಸುಟ್ಕೊಂಡಾಗಲೇ ಅದು ಅಗ್ಗ ಆಗಾದು" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಅವರ ಬಲಗೈ ಬೆರಳುಗಳ ತುದಿ ಹಂಚಿನ ಕಾವಿಗೆ ನುಣುಪಾಗಿ ಗೆರೆ ಅಳಿಸಿಹೋಗಿದ್ದುದನ್ನು ಆಗ ನಾನು ಮೊದಲ ಬಾರಿಗೆ ಕಂಡೆ.

ತಟ್ಟೆಯ ಬೆಲೆ ಏರಿದರೆ ಗಿರಾಕಿ ಮುಖ ತಿರುಗಿಸುತ್ತಾನೆ. ಬೇಳೆಯ ದರ, ಎಣ್ಣೆಯ ದರ ಮಾಲೀಕನ ಕೈಯಲ್ಲಿಲ್ಲ. ಉಳಿಯುವುದು ಒಂದೇ ದಾರಿ: ರೊಟ್ಟಿ ತಟ್ಟುವವಳ ಕೂಲಿ, ಭಟ್ಟಿಯ ಮುಂದೆ ನಿಲ್ಲುವವನ ಕೂಲಿ ಹಾಗೆಯೇ ನಿಲ್ಲುತ್ತದೆ. ಗಿರಣಿಯ ಕಾಲದಲ್ಲಿ ಅಗ್ಗದ ಊಟ ಕಾರ್ಮಿಕನ ಸಂಬಳಕ್ಕೆ ಆಸರೆಯಾಗಿತ್ತು. ಗಿರಣಿ ನಿಂತ ಮೇಲೆ ಆ ಊಟವೇ ಅನೇಕ ಕಾರ್ಮಿಕರ ಮನೆಗಳ ಸಂಬಳವಾಯಿತು. ಆದರೂ ಅದನ್ನು ಅಗ್ಗದ ತಿಂಡಿಯೆಂದೇ ನಾವು ಕಾಣುತ್ತೇವೆ. ಮಠದಲ್ಲಿ ನಡೆಯುವುದು ದಾಸೋಹ. ಅಲ್ಲಿ ಬೆಲೆಯ ಮಾತಿಲ್ಲ. ಖಾನಾವಳಿಯಲ್ಲಿ ನಡೆಯುವುದು ಕಾಯಕ. ಕಾಯಕಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಬೇಕು.

ಮರಳುವ ದಾರಿಯಲ್ಲಿ ನನಗೆ ನಮ್ಮ ಶಿಡ್ಲಘಟ್ಟ ನೆನಪಾಗುತ್ತಿತ್ತು. ಅಲ್ಲಿಯೂ ರೇಷ್ಮೆಗೂಡಿನ ಮಾರುಕಟ್ಟೆಗೆ ನಸುಕಿನಲ್ಲಿ ಬರುವ ರೈತರಿಗೆ, ನೂಲು ಬಿಚ್ಚುವ ಕೆಲಸಗಾರರಿಗೆ ತಳ್ಳುಗಾಡಿಯ ಇಡ್ಲಿ–ಚಿತ್ರಾನ್ನವೇ ಆಧಾರ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ನಮ್ಮ ಮನೆಗಳು ತಲ್ಲಣಿಸಿದ್ದವು. ಆಗ ತಳ್ಳುಗಾಡಿಯವರ ಗತಿ ಏನಾಯಿತೆಂದು ನಾನು ಯೋಚಿಸಿರಲಿಲ್ಲ. ದಾವಣಗೆರೆಗೆ ಹೋಗಿ ಬಂದ ಮೇಲೆ ಒಂದು ದಿನ ಅಂತಹ ಗಾಡಿಯ ಮುಂದೆ ನಿಂತು ತಿಂದೆ. ಚಿಲ್ಲರೆಗಾಗಿ ಕೈ ಚಾಚಲಿಲ್ಲ. ಗಾಡಿಯ ತಾಯಿ ಕರೆದು ಕೊಡಲು ಬಂದಾಗ, "ಇರಲಮ್ಮ, ಚಟ್ನಿ ಚೆನ್ನಾಗಿತ್ತು" ಎಂದೆ.

ದಾವಣಗೆರೆಗೆ ಹೋಗುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನೂ ಕರೆದೊಯ್ಯಿರಿ. ಬೆಳಿಗ್ಗೆ ದೋಸೆ, ಮಧ್ಯಾಹ್ನ ರೊಟ್ಟಿ, ಸಂಜೆ ಮಂಡಕ್ಕಿ ತಿನ್ನಿರಿ. ಹಳೆಯ ಗಿರಣಿಗಳು ಎಲ್ಲಿದ್ದವೆಂದು ಅಂಗಡಿಯವರನ್ನು ಕೇಳಿರಿ. ಅವರಲ್ಲಿ ಅನೇಕರು ಗಿರಣಿಯವರ ಮಕ್ಕಳೇ ಆಗಿರುತ್ತಾರೆ, ಸಂತೋಷದಿಂದ ಹೇಳುತ್ತಾರೆ. ಬೆಲೆ ಎರಡು ರೂಪಾಯಿ ಏರಿದೆಯೆಂದು ಚೌಕಾಸಿ ಮಾಡಬೇಡಿರಿ. ಉಂಡೆದ್ದ ಮೇಲೆ ಅಡುಗೆಯ ಮನೆಯತ್ತ ಒಮ್ಮೆ ಮುಖ ಮಾಡಿ, ಊಟ ಚೆನ್ನಾಗಿತ್ತೆಂದು ಹೇಳಿ ಬನ್ನಿರಿ. ಒಳಗೆ ರೊಟ್ಟಿ ತಟ್ಟುತ್ತಿರುವ ತಾಯಿಗೆ ಆ ಮಾತು ಕೇಳಿಸಲಿ.